ಲಾಳವಿಲ್ಲದ ಕುದುರೆಗೆ ಹಠಾತ್ತನೆ ಬರುವ ಗೊರಸುನೋವು

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಗಡಿನಾಡ ಕನ್ನಡದ ಸ್ಥಿತಿಗತಿ, ಶಿಕ್ಷಣದ ಆದರ್ಶ, ಶಾಲೆಯ ಏಳುಬೀಳು ಮೊದಲಾದವುಗಳ ಕುರಿತು ಬರೆಯಲು ನನಗಿಂತ ಬಲ್ಲವರು ಅನೇಕರಿದ್ದಾರೆ. ಸಂಪಾದಕ ಮಂಡಳಿಯವರು ನನ್ನಿಂದಲೂ ಒಂದು ಲೇಖನವನ್ನು ಅಪೇಕ್ಷಿಸಿದಾಗ, ಓದಿದವರ ಮನೆಯಲ್ಲಿ ಎಂದಾದರೊಂದು ದಿನ ಉಪಯೋಗಕ್ಕೆ ಬರಬಹುದಾದ ವಿಷಯವನ್ನು ಆರಿಸಿಕೊಳ್ಳುವುದು ಲೇಸೆಂದು ತೋರಿತು. ಉಮರ್ಗಾ, ನಿಲಂಗಾ, ಉದಗೀರ ಸೀಮೆಯಲ್ಲಿ ಇಂದಿಗೂ ಕುದುರೆ ಕಾಣದ ಊರಿಲ್ಲವೆನ್ನಬಹುದು. ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿ ಹಿಂಡು ತಂಗಿಸುವ ಕುರುಬರ, ಧನಗರರ ಜೊತೆಯಲ್ಲಿ ಹೊರೆಯ ಕುದುರೆ ಬರುತ್ತದೆ. ಮದುವೆಯ ದಿನಗಳಲ್ಲಿ ವರನನ್ನು ಹೊರುವ ಅಲಂಕೃತ ಕುದುರೆ ಬರುತ್ತದೆ. ಖಂಡೋಬಾ ಎಂದೂ ಮೈಲಾರಲಿಂಗನೆಂದೂ ನಾವು ಪೂಜಿಸುವ ದೇವರ ಉತ್ಸವಕ್ಕೂ ಕುದುರೆ ಬೇಕು.

ಈ ಕುದುರೆಗಳಲ್ಲಿ, ವಿಶೇಷವಾಗಿ ಕುರಿಗಾರರವುಗಳಲ್ಲಿ, ಲಾಳ ಕಟ್ಟಿಸಿಕೊಳ್ಳದೆ ಬರಿಗೊರಸಿನಲ್ಲೇ ನಡೆಯುವವು ಅನೇಕ. ಸಂಜೆ ಚೆನ್ನಾಗಿ ನಡೆದು ಬಂದ ಕುದುರೆ ಮುಂಜಾನೆ ಹೆಜ್ಜೆ ಎತ್ತಲಾರದೆ ನಿಂತುಬಿಡುವುದುಂಟು. ಕಾಲಿನಲ್ಲಿ ಗಾಯವಿಲ್ಲ, ಬಾವಿಲ್ಲ, ಮುರಿತವಿಲ್ಲ. ಕಲ್ಲು ತಾಗಿರಬೇಕು ಎನ್ನುವವರು ಒಬ್ಬರು. ದೃಷ್ಟಿಯಾಗಿದೆ ಎನ್ನುವವರು ಇನ್ನೊಬ್ಬರು. ಲಾಳ ಕಟ್ಟಿಸದ್ದರಿಂದಲೇ ಹೀಗಾಯಿತು ಎನ್ನುವವರು ಮತ್ತೊಬ್ಬರು. ಹೀಗೆ ಮಾತಿನಲ್ಲೇ ಎರಡು ಮೂರು ದಿನಗಳು ಕಳೆಯುತ್ತವೆ. ಆ ಎರಡು ಮೂರು ದಿನಗಳೇ ಕುದುರೆಯ ಅಳಿವು ಉಳಿವನ್ನು ನಿರ್ಣಯಿಸುವವು ಎಂಬುದನ್ನು ತಿಳಿಸುವುದಕ್ಕಾಗಿಯೇ ಈ ಲೇಖನ. ನಾನು ವೈದ್ಯನಲ್ಲ, ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದವನು. ಪಶುವೈದ್ಯರು ಇಂದು ಒಪ್ಪಿರುವ ಸಂಗತಿಗಳನ್ನಷ್ಟೇ ಸರಳವಾಗಿ ಜೋಡಿಸಿ ಇಲ್ಲಿ ಕೊಡುತ್ತಿದ್ದೇನೆ.

ನಮ್ಮ ಸೀಮೆಯೂ ಕುದುರೆಯೂ

ಕುದುರೆಯ ವಿಚಾರ ನಮ್ಮ ನೆಲಕ್ಕೆ ಹೊಸತಲ್ಲ. ಉಮರ್ಗಾಕ್ಕೆ ನೆರೆಯಾದ ಬಸವಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದಾಗ, ಅಲ್ಲಿ ಆಳಿದ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಕುದುರೆಗಳ ಲಕ್ಷಣ, ಅಶ್ವಕ್ರೀಡೆ ಮೊದಲಾದವುಗಳಿಗೆ ದೊಡ್ಡ ಸ್ಥಾನವಿದೆ. ಅದೇ ಚಾಲುಕ್ಯ ವಂಶದ ಕೀರ್ತಿವರ್ಮನು 'ಗೋವೈದ್ಯ'ವೆಂಬ ಗ್ರಂಥವನ್ನು ಕನ್ನಡದಲ್ಲಿಯೇ ಬರೆದನು. ಮುಂದೆ ಅಭಿನವಚಂದ್ರನ 'ಅಶ್ವವೈದ್ಯ'ವೂ, ಮೈಸೂರಿನ ಒಡೆಯರ ಕಾಲದಲ್ಲಿ ಪದ್ಮಣ ಪಂಡಿತನ 'ಹಯಸಾರಸಮುಚ್ಚಯ'ವೂ ಕನ್ನಡದಲ್ಲಿ ಬಂದವು. ಪಶುವಿನ ನೋವನ್ನು ಪಂಡಿತರು ಕೀಳು ವಿಷಯವೆಂದು ಬಗೆಯಲಿಲ್ಲ ಎಂಬುದಕ್ಕೆ ಇವು ಸಾಕ್ಷಿ.

ಬಹಮನಿ ಸುಲ್ತಾನರ ಕಾಲದಲ್ಲಿ, ಸುಮಾರು ೧೪೭೦ರಲ್ಲಿ, ಅಫನಾಸಿ ನಿಕಿತಿನ್ ಎಂಬ ರಷ್ಯದ ವರ್ತಕನು ಮಾರಾಟಕ್ಕೆಂದು ಒಂದು ಕುದುರೆಯನ್ನು ಕರೆದುಕೊಂಡು ಬೀದರಿಗೆ ಬಂದಿದ್ದನು. ಆಳಂದದ ಉರುಸಿನಲ್ಲಿ ನಡೆಯುವ ಜಾತ್ರೆಗೆ ಇಪ್ಪತ್ತು ಸಾವಿರ ಕುದುರೆಗಳು ಮಾರಾಟಕ್ಕೆ ಬರುತ್ತಿದ್ದವೆಂದು ಅವನು ತನ್ನ ಪ್ರವಾಸ ಕಥನದಲ್ಲಿ ಬರೆದಿದ್ದಾನೆ. ಆ ಆಳಂದವೂ ನಮ್ಮ ಉಮರ್ಗಾದ ನೆರೆಯದೇ. ೧೭೬೦ರ ಫೆಬ್ರವರಿಯಲ್ಲಿ ಸದಾಶಿವರಾವ ಭಾವುವಿನ ಮರಾಠಾ ಸೈನ್ಯವು ನಿಜಾಮನ ಸೈನ್ಯವನ್ನು ಮಣಿಸಿದ್ದು ಉದಗೀರದಲ್ಲಿ. ಆ ಯುದ್ಧದಲ್ಲಿ ಎಷ್ಟು ಕುದುರೆಗಳು ಈ ಕರಿಮಣ್ಣನ್ನು ತುಳಿದಿರಬಹುದೆಂದು ಊಹಿಸಿಕೊಳ್ಳಬಹುದು.

ಇಂದು ಆ ವೈಭವವಿಲ್ಲ. ೨೦೧೯ರ ಇಪ್ಪತ್ತನೆಯ ಜಾನುವಾರು ಗಣತಿಯಂತೆ ಭಾರತದಲ್ಲಿ ಉಳಿದಿದ್ದ ಕುದುರೆ ಮತ್ತು ತಟ್ಟುಗಳ ಸಂಖ್ಯೆ ಸುಮಾರು ೩.೪ ಲಕ್ಷ, ೨೦೧೨ರ ಗಣತಿಗಿಂತ ಶೇಕಡಾ ೪೫ಕ್ಕೂ ಹೆಚ್ಚು ಇಳಿತ. ಭೀಮಾ ತೀರದ ಹೆಸರು ಹೊತ್ತ ಭೀಮಥಡಿ ಎಂಬ ದಖ್ಖನಿ ಕುದುರೆ ಈಚೆಗಷ್ಟೇ ಸ್ವತಂತ್ರ ತಳಿಯೆಂಬ ಮನ್ನಣೆ ಪಡೆದಿದೆ. ಗಿಡ್ಡ ಮೈಕಟ್ಟಿನ, ಸ್ವಲ್ಪ ಮೇವಿನಲ್ಲಿಯೇ ಬದುಕುವ ಈ ತಳಿಯನ್ನು ಉಳಿಸಿಕೊಂಡು ಬಂದವರು ಅಲೆಮಾರಿ ಕುರಿಗಾರರೇ. ಅವರ ಪಾತ್ರೆ ಪಗಡೆ, ಕಂಬಳಿ, ಎಳೆಯ ಮರಿಗಳು, ಒಮ್ಮೊಮ್ಮೆ ಎಳೆಯ ಮಕ್ಕಳು, ಎಲ್ಲವೂ ಅದರ ಬೆನ್ನಿನ ಮೇಲೆ. ಅಂತಹ ಕುದುರೆ ನಿಂತುಬಿಟ್ಟರೆ ಹಿಂಡು ನಿಲ್ಲದು, ಮೇವು ಕಾಯದು. ಸಂಸಾರವೇ ದಾರಿಯಲ್ಲಿ ನಿಂತಂತಾಗುತ್ತದೆ.

ಗೊರಸಿನ ರಚನೆ

ಕಾರಣವನ್ನು ತಿಳಿಯುವ ಮೊದಲು ಗೊರಸಿನ ರಚನೆಯನ್ನು ತಿಳಿಯಬೇಕು. ಎತ್ತು, ಎಮ್ಮೆಗಳ ಗೊರಸು ಇಬ್ಭಾಗವಾಗಿರುತ್ತದೆ, ಕುದುರೆಯದು ಒಂದೇ. ನಮ್ಮ ಕೈಯ ಮಧ್ಯದ ಬೆರಳಿಗೆ ಸಮಾನವಾದ ಒಂದೇ ಬೆರಳಿನ ತುದಿಯ ಮೇಲೆ ಕುದುರೆ ನಿಲ್ಲುತ್ತದೆ. ಗೊರಸೆಂಬುದು ಆ ಬೆರಳಿನ ಉಗುರು. ಹೊರಗೆ ಕಾಣುವುದು ಗೋಡೆ, ಕೆಳಗೆ ತಳ, ತಳದ ಹಿಂಭಾಗದಲ್ಲಿ ತ್ರಿಕೋನಾಕಾರದ ಮೆತ್ತನೆಯ ಭಾಗ. ಈ ಮೆತ್ತನೆಯ ಭಾಗಕ್ಕೆ ಇಂಗ್ಲಿಷರು ಕಪ್ಪೆಯ ಹೆಸರನ್ನೇ ಇಟ್ಟಿದ್ದಾರೆ. ಗೋಡೆ ಮತ್ತು ತಳದ ಹೊರಪದರಿಗೆ ನೋವಿನ ಅರಿವಿಲ್ಲ. ಅದರೊಳಗಿನ ಮಾಂಸಲವಾದ ಪದರಿಗೆ ರಕ್ತವೂ ಇದೆ, ನರವೂ ಇದೆ.

ಗೊರಸಿನೊಳಗೆ ಒಂದು ಎಲುಬುಂಟು. ಅದು ತಳದ ಮೇಲೆ ಕುಳಿತಿರುವುದಿಲ್ಲ. ಗೋಡೆಯ ಒಳಮೈಗೆ ತೂಗುಹಾಕಿದಂತೆ ಅಂಟಿಕೊಂಡಿರುತ್ತದೆ. ಪುಸ್ತಕದ ಹಾಳೆಗಳನ್ನು ಒಂದರೊಳಗೊಂದು ಸೇರಿಸಿದಂತೆ, ಎಲುಬಿನ ಕಡೆಯ ಮತ್ತು ಗೋಡೆಯ ಕಡೆಯ ತೆಳುವಾದ ಎಸಳುಗಳು ಪರಸ್ಪರ ಹೆಣೆದುಕೊಂಡಿರುತ್ತವೆ. ಒಂದು ಗೊರಸಿನಲ್ಲಿ ಇಂತಹ ಮುಖ್ಯ ಎಸಳುಗಳು ಸುಮಾರು ೫೫೦ ರಿಂದ ೬೦೦. ಪ್ರತಿಯೊಂದರ ಮೇಲೂ ನೂರಕ್ಕೂ ಹೆಚ್ಚು ಸೂಕ್ಷ್ಮ ಉಪ-ಎಸಳುಗಳು. ಕುದುರೆಯ ಭಾರವೆಲ್ಲ ನಾಲ್ಕು ಗೊರಸುಗಳಲ್ಲಿ ಈ ಹೆಣಿಗೆಯಿಂದಲೇ ತೂಗುತ್ತಿರುತ್ತದೆ. ಅದರಲ್ಲಿಯೂ ಶೇಕಡಾ ೬೦ರಷ್ಟು ಭಾರ ಮುಂಗಾಲುಗಳ ಮೇಲಿರುವುದರಿಂದ ನೋವು ಹೆಚ್ಚಾಗಿ ಮುಂಗಾಲಿನಲ್ಲಿಯೇ ಕಾಣಿಸುತ್ತದೆ. ಗೊರಸು ಗಟ್ಟಿಯಾದ ಡಬ್ಬಿಯಂತಿರುವುದರಿಂದ ಒಳಗೆ ಉರಿಯೂತವಾದರೆ ಹಿಗ್ಗಲು ಅವಕಾಶವಿಲ್ಲ. ಬಿಗಿಯಾದ ಮೆಟ್ಟಿನೊಳಗೆ ಕಾಲು ಬಾತರೆ ನಮಗಾಗುವ ಯಾತನೆಯನ್ನು ನೂರ್ಮಡಿ ಮಾಡಿ ಊಹಿಸಿಕೊಳ್ಳಿರಿ.

ಬರಿಗೊರಸು ದೋಷವೇ?

ಲಾಳ ಕಟ್ಟದಿರುವುದೇ ನೋವಿಗೆ ಕಾರಣವೆಂಬ ಮಾತು ಪೂರ್ಣ ಸತ್ಯವಲ್ಲ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಅಶ್ವಾರೋಹಣದ ಬಗ್ಗೆ ಗ್ರಂಥ ಬರೆದ ಗ್ರೀಸ್ ದೇಶದ ಕ್ಸೆನೋಫನ್, ಲಾಯದ ಹೊರಗೆ ಮುಷ್ಟಿಗಾತ್ರದ ಗುಂಡುಕಲ್ಲುಗಳನ್ನು ಹರಡಿ ಕುದುರೆಯನ್ನು ಅದರ ಮೇಲೆ ನಿಲ್ಲಿಸಬೇಕೆಂದು, ಹಾಗೆ ಮಾಡಿದರೆ ಗೊರಸು ಗಟ್ಟಿಯಾಗುವುದೆಂದು ಹೇಳಿದ್ದಾನೆ. ದಿನವೂ ನಡೆಯುವ ಕುದುರೆಯ ಗೊರಸು ಸವೆದಷ್ಟೇ ಬೆಳೆಯುತ್ತದೆ, ತಳ ದಪ್ಪವಾಗುತ್ತದೆ. ಆದರೆ ಈ ಗಟ್ಟಿತನ ಬರುವುದು ಅಭ್ಯಾಸದಿಂದ. ತಿಂಗಳುಗಟ್ಟಲೆ ಕಟ್ಟಿಹಾಕಿದ ಕುದುರೆಯನ್ನು ಒಮ್ಮೆಲೇ ಡಾಂಬರು ರಸ್ತೆಯ ಮೇಲೆ ಹತ್ತು ಮೈಲಿ ನಡೆಸಿದರೆ, ಲಾಳ ಕಿತ್ತ ಮರುದಿನವೇ ಕಲ್ಲುದಾರಿಗೆ ಹಚ್ಚಿದರೆ, ಇಲ್ಲವೆ ಗೊರಸನ್ನು ಕೆತ್ತುವಾಗ ತಳವನ್ನು ಮಿತಿಮೀರಿ ತೆಳುವಾಗಿಸಿದರೆ ನೋವು ಬರದೆ ಇರದು. ಎತ್ತಿಗೆ ಲಾಳ ಕಟ್ಟುವ ನಾಲಬಂದರು ನಮ್ಮಲ್ಲಿದ್ದಾರೆ. ಆದರೆ ಎತ್ತಿನ ಗೊರಸಿನ ಲೆಕ್ಕ ಬೇರೆ, ಕುದುರೆಯ ಗೊರಸಿನ ಲೆಕ್ಕ ಬೇರೆ ಎಂಬುದನ್ನು ಮರೆಯಬಾರದು.

ಒಂದೇ ಕಾಲು ನೋಯುತ್ತಿದ್ದರೆ

ಕುದುರೆ ಹೆಜ್ಜೆ ಎತ್ತದಿದ್ದಾಗ ಕೇಳಬೇಕಾದ ಮೊದಲನೆಯ ಪ್ರಶ್ನೆ: ನೋಯುತ್ತಿರುವುದು ಒಂದು ಕಾಲೋ, ಎರಡು ಕಾಲೋ?

ಒಂದೇ ಕಾಲಾದರೆ ಮೂರು ಕಾರಣಗಳನ್ನು ಶೋಧಿಸಬೇಕು. ಮೊದಲನೆಯದು ಕಲ್ಲೇಟು. ಮಳೆಗಾಲದ ಕೆಸರಿನಲ್ಲಿ ನಿಂತು ತಳ ಮೆತ್ತಗಾಗಿರುವಾಗ ಚೂಪಾದ ಕಲ್ಲು ತಾಗಿದರೆ ಒಳಗೆ ರಕ್ತ ಹೆಪ್ಪುಗಟ್ಟುತ್ತದೆ. ಮೆತ್ತನೆಯ ನೆಲದಲ್ಲಿ ವಿಶ್ರಾಂತಿ ಕೊಟ್ಟರೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಶಮನವಾಗುತ್ತದೆ.

ಎರಡನೆಯದು ಗೊರಸಿನೊಳಗೆ ಕೀವು ತುಂಬುವುದು. ಹಠಾತ್ ಕುಂಟುವಿಕೆಗೆ ಇದು ಅತಿ ಸಾಮಾನ್ಯವಾದ ಕಾರಣ. ಗೋಡೆ ಮತ್ತು ತಳ ಕೂಡುವೆಡೆಯ ಸಣ್ಣ ಬಿರುಕಿನಿಂದ ಕೊಳೆ ಒಳಸೇರಿ ಕೀವಾಗುತ್ತದೆ. ನಿನ್ನೆ ಸರಿಯಿದ್ದ ಕುದುರೆ ಇಂದು ಕಾಲು ಮುರಿದಂತೆ ಗೊರಸಿನ ತುದಿಯನ್ನಷ್ಟೇ ನೆಲಕ್ಕೆ ಮುಟ್ಟಿಸುತ್ತದೆ. ನೋಡಲು ಭಯಂಕರವಾದರೂ, ಬಲ್ಲ ವೈದ್ಯರು ಸರಿಯಾದ ಸ್ಥಳದಲ್ಲಿ ಸಣ್ಣ ದಾರಿ ಮಾಡಿ ಕೀವು ಹೊರಬಿಟ್ಟೊಡನೆ ಕುದುರೆ ನಿಟ್ಟುಸಿರು ಬಿಟ್ಟಂತೆ ಕಾಲೂರುತ್ತದೆ. ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಗೊರಸನ್ನು ಅದ್ದಿಡುವುದೂ, ಶುದ್ಧವಾದ ಬಟ್ಟೆಯಿಂದ ಕಟ್ಟಿ ಕೊಳೆ ಸೇರದಂತೆ ಕಾಯುವುದೂ ಇದಕ್ಕೆ ಸಹಾಯಕ.

ಮೂರನೆಯದು ಮೊಳೆ ಚುಚ್ಚುವುದು. ಮೊಳೆ ಇನ್ನೂ ಕಾಲಿನಲ್ಲಿಯೇ ಇದ್ದರೆ, ಕುದುರೆ ಅದರ ಮೇಲೆ ಭಾರ ಹಾಕದಂತೆ ನೋಡಿಕೊಂಡು, ವೈದ್ಯರು ಬರುವವರೆಗೆ ಅದನ್ನು ಹಾಗೆಯೇ ಬಿಡುವುದು ಉತ್ತಮ. ಎಷ್ಟು ಆಳಕ್ಕೆ, ಯಾವ ದಿಕ್ಕಿಗೆ ಹೋಗಿದೆಯೆಂಬುದನ್ನು ಅವರು ನೋಡಬೇಕಾಗುತ್ತದೆ. ಕಿತ್ತೇ ತೀರಬೇಕಾದ ಪ್ರಸಂಗ ಬಂದರೆ ಚುಚ್ಚಿದ ಸ್ಥಳವನ್ನು ಗುರುತು ಮಾಡಿ, ಮೊಳೆಯನ್ನು ತೆಗೆದಿಟ್ಟು ತೋರಿಸಬೇಕು. ಇಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ನಮ್ಮ ಸಾಕುಪ್ರಾಣಿಗಳಲ್ಲಿ ಧನುರ್ವಾಯುವಿಗೆ ಕುದುರೆಯಷ್ಟು ಬೇಗ ತುತ್ತಾಗುವುದು ಇನ್ನೊಂದಿಲ್ಲ. ಗೊರಸಿನ ಸಣ್ಣ ತೂತೂ ಅದಕ್ಕೆ ಬಾಗಿಲಾಗಬಹುದು. ಆದುದರಿಂದ ಧನುರ್ವಾಯುವಿನ ಲಸಿಕೆ ಹಾಕಿಸಿರುವ ದಿನಾಂಕವನ್ನು ಪ್ರತಿಯೊಬ್ಬ ಕುದುರೆಯ ಒಡೆಯನೂ ಬರೆದಿಟ್ಟುಕೊಂಡಿರಬೇಕು.

ಎರಡೂ ಮುಂಗಾಲು ನೋಯುತ್ತಿದ್ದರೆ

ಎರಡೂ ಮುಂಗಾಲುಗಳು ಒಟ್ಟಿಗೆ ನೋಯುತ್ತಿದ್ದರೆ ಸಂಶಯಿಸಬೇಕಾದುದು ಲ್ಯಾಮಿನೈಟಿಸ್ ಎಂಬ ಘೋರ ವ್ಯಾಧಿಯನ್ನು. ಮೇಲೆ ಹೇಳಿದ ಎಸಳುಗಳ ಹೆಣಿಗೆಯೇ ಉರಿಯೂತದಿಂದ ಸಡಿಲವಾಗುವ ರೋಗವಿದು. ಕುದುರೆ ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಹಿಂಗಾಲುಗಳನ್ನು ಹೊಟ್ಟೆಯ ಕೆಳಗೆ ತಂದುಕೊಂಡು, ಹಿಂದಕ್ಕೆ ಒರಗಿದಂತೆ ನಿಲ್ಲುತ್ತದೆ. ಒಂದು ಕಾಲನ್ನೆತ್ತಿ ಇನ್ನೊಂದರ ಮೇಲೆ ಭಾರವನ್ನು ಬದಲಿಸುತ್ತಲೇ ಇರುತ್ತದೆ. ತಿರುಗಿಸಿದರೆ ಮುಳ್ಳಿನ ಮೇಲೆ ನಡೆದಂತೆ ಹೆಜ್ಜೆಯಿಡುತ್ತದೆ. ನೋವು ಹೆಚ್ಚಾದರೆ ಮಲಗಿಬಿಡುತ್ತದೆ. ಹೆಣಿಗೆ ಬಿಟ್ಟುಹೋದರೆ ಒಳಗಿನ ಎಲುಬು ತನ್ನ ಸ್ಥಾನದಿಂದ ತಿರುಗಿ ಇಲ್ಲವೆ ಕುಸಿದು ತಳದತ್ತ ಇಳಿಯುತ್ತದೆ. ಅತಿ ವಿಷಮಿಸಿದಾಗ ತಳವನ್ನು ಸೀಳಿಕೊಂಡು ಹೊರಬರುವುದೂ ಉಂಟು.

ಈ ರೋಗದ ವೈಚಿತ್ರ್ಯವೆಂದರೆ ನೋವು ಗೊರಸಿನಲ್ಲಿದ್ದರೂ ಅದರ ಮೂಲ ಬಹಳ ಸಲ ಹೊಟ್ಟೆಯಲ್ಲಿರುತ್ತದೆ. ಕುದುರೆಯ ಜಠರ ಚಿಕ್ಕದು. ನಾರುಳ್ಳ ಹುಲ್ಲನ್ನು ದಿನವಿಡೀ ಸ್ವಲ್ಪ ಸ್ವಲ್ಪವಾಗಿ ತಿನ್ನುವುದಕ್ಕೆಂದೇ ರಚನೆಯಾದುದು. ತಿಂದುದನ್ನು ವಾಂತಿ ಮಾಡುವ ಶಕ್ತಿ ಅದಕ್ಕಿಲ್ಲ. ಅದು ಕಣಕ್ಕೆ ನುಗ್ಗಿ ಜೋಳದ ರಾಶಿಯನ್ನು ಹೊಟ್ಟೆತುಂಬ ತಿಂದಿತೆನ್ನೋಣ. ಜಠರದಲ್ಲಿ, ಸಣ್ಣ ಕರುಳಿನಲ್ಲಿ ಜೀರ್ಣವಾಗದ ಪಿಷ್ಟ ದೊಡ್ಡ ಕರುಳಿಗೆ ಇಳಿದು ಹುಳಿಯುತ್ತದೆ; ಆಮ್ಲ ಹೆಚ್ಚುತ್ತದೆ; ಅಲ್ಲಿಯ ಉಪಕಾರಿ ಸೂಕ್ಷ್ಮಜೀವಿಗಳು ಸಾಯುತ್ತವೆ; ವಿಷಪದಾರ್ಥಗಳು ರಕ್ತಕ್ಕೆ ಸೇರಿ ಗೊರಸಿನ ಎಸಳುಗಳನ್ನು ಕೆಡಿಸುತ್ತವೆ. ಇದಕ್ಕೆಲ್ಲ ಒಂದೆರಡು ದಿನ ಹಿಡಿಯುತ್ತದೆ. ತಿಂದದ್ದು ಸೋಮವಾರವಾದರೆ ಕುಂಟುವುದು ಮಂಗಳವಾರವೋ ಬುಧವಾರವೋ. ಆದುದರಿಂದಲೇ ಜನರಿಗೆ ಎರಡರ ಸಂಬಂಧ ಹೊಳೆಯುವುದಿಲ್ಲ. ಬುಧವಾರ ತುಳಿದ ಕಲ್ಲನ್ನು ಹುಡುಕುತ್ತಾರೆ. ಎರಡನೆಯ ಪ್ರಶ್ನೆ ಹೀಗಿರಬೇಕು: ಕುದುರೆ ಮೊನ್ನೆ ಏನು ತಿಂದಿತು?

ಇನ್ನೊಂದು ಬಗೆ ನಿಧಾನವಾಗಿ ಬರುವುದು. ಕುದುರೆ ಕೊಬ್ಬಿ, ಅದರ ರಕ್ತದಲ್ಲಿ ಇನ್ಸುಲಿನ್ ಎಂಬ ರಸ ಸದಾ ಮಿತಿಮೀರಿರುವುದರಿಂದ ಇದುಂಟಾಗುತ್ತದೆ. ಆರೋಗ್ಯವಂತ ತಟ್ಟುಗಳ ರಕ್ತದಲ್ಲಿ ಇನ್ಸುಲಿನ್ನನ್ನು ಬಹಳ ಹೊತ್ತು ಹೆಚ್ಚಿಸಿಟ್ಟರೆ ಅಷ್ಟರಿಂದಲೇ ಲ್ಯಾಮಿನೈಟಿಸ್ ಬರುವುದೆಂದು ಆಸ್ಟ್ರೇಲಿಯದ ಸಂಶೋಧಕರು ೨೦೦೭ರಲ್ಲಿ ತೋರಿಸಿಕೊಟ್ಟರು. ಬೇರೆ ಕಾರಣಗಳಿಗಿಂತ ಇದೇ ಹೆಚ್ಚು ಸಾಮಾನ್ಯವೆಂದು ಇಂದು ವೈದ್ಯರು ಎಣಿಸುತ್ತಾರೆ. ಬಡ ಮೇವಿನಲ್ಲಿ ಬದುಕಲು ಹೊಂದಿಕೊಂಡ ಗಿಡ್ಡ ತಳಿಗಳಿಗೆ ಈ ಅಪಾಯ ಅಧಿಕ. ಅದೇ ತಳಿಯ ಕುದುರೆ ಕುರಿ ಹಿಂಡಿನೊಡನೆ ಒಣಹುಲ್ಲು ಮೇಯುತ್ತ ದಿನವೂ ನಡೆಯುವಾಗ ನೆಟ್ಟಗಿರುತ್ತದೆ. ಅದನ್ನೇ ಕೊಂಡುತಂದು ಮದುವೆಯ ಕುದುರೆಯನ್ನಾಗಿ ಮಾಡಿ, ಮೈ ಮಿರಿಮಿರಿ ಮಿಂಚಲೆಂದು ಬೆಲ್ಲ, ಕಬ್ಬಿನ ತುಂಡು, ಜೋಳ, ಹಿಟ್ಟಿನ ಮುದ್ದೆಗಳನ್ನು ತಿನ್ನಿಸಿ, ಲಗ್ನತಿಥಿಗಳಿಲ್ಲದ ತಿಂಗಳುಗಳಲ್ಲಿ ಕಟ್ಟಿಹಾಕಿ ನಿಲ್ಲಿಸಿದರೆ ಗೊರಸು ಕೆಡುತ್ತದೆ. ಮದುವೆಯ ಮನೆಯವರು ಪ್ರೀತಿಯಿಂದ ತಿನ್ನಿಸುವ ಬೂಂದಿ, ಹೋಳಿಗೆಗಳೂ ಇದೇ ಲೆಕ್ಕಕ್ಕೆ ಸೇರುತ್ತವೆ. ನಿಕಿತಿನ್ ನಮ್ಮ ದೇಶದಲ್ಲಿ ಕಂಡ ಕುದುರೆಗಳ ಆಹಾರದಲ್ಲಿ ಕಾಳಿನೊಡನೆ, ಸಕ್ಕರೆ ಎಣ್ಣೆ ಹಾಕಿ ಬೇಯಿಸಿದ ಕಿಚಡಿಯೂ ಇತ್ತು. ಐದು ನೂರು ವರ್ಷಗಳ ಹಿಂದಿನ ಆ ಪ್ರೀತಿ ಇಂದಿಗೂ ಹೋಗಿಲ್ಲ. ಆದರೆ ಯುದ್ಧಕ್ಕೆ ಓಡುವ ಕುದುರೆಗೂ ಗೂಟಕ್ಕೆ ನಿಂತ ಕುದುರೆಗೂ ಅಜಗಜಾಂತರವಿದೆ.

ಮೂರನೆಯ ಸಂದರ್ಭ ಈದ ಹೆಣ್ಣುಕುದುರೆಯದು. ಆಕಳು, ಎಮ್ಮೆಗಳ ಮಾಸು ಬೀಳಲು ತಡವಾದರೆ ಒಂದು ಹಗಲೋ ರಾತ್ರಿಯೋ ಕಾದು ನೋಡುವುದು ನಮ್ಮ ರೈತರ ರೂಢಿ. ಕುದುರೆಗೆ ಆ ರೂಢಿ ಸಲ್ಲದು. ಮರಿ ಹಾಕಿದ ಮೂರು ಗಂಟೆಗಳೊಳಗೆ ಮಾಸು ಬೀಳದಿದ್ದರೆ ತುರ್ತಾಗಿ ವೈದ್ಯರನ್ನು ಕರೆಸಬೇಕು. ಒಳಗುಳಿದ ಮಾಸಿನ ನಂಜು ಗೊರಸಿಗಿಳಿದು ತಾಯಿಕುದುರೆ ಕಾಲು ಕಳೆದುಕೊಳ್ಳುವುದುಂಟು, ಪ್ರಾಣವನ್ನೂ ಕಳೆದುಕೊಳ್ಳುವುದುಂಟು. ಗಟ್ಟಿನೆಲದ ಮೇಲೆ ಬಹಳ ದೂರ ಓಡಿಸುವುದೂ, ಒಂದು ಕಾಲು ಕೆಟ್ಟು ಇನ್ನೊಂದರ ಮೇಲೆ ಬಹಳ ದಿನ ಭಾರ ಬೀಳುವುದೂ ಈ ರೋಗಕ್ಕೆ ಕಾರಣಗಳಾಗಬಲ್ಲವು.

ಇದರಂತೆಯೇ ಕಾಣುವ ಇನ್ನೊಂದು ವ್ಯಾಧಿಯನ್ನೂ ಇಲ್ಲಿ ಹೇಳಬೇಕು. ಒಂದೆರಡು ದಿನ ಕೆಲಸವಿಲ್ಲದೆ ತುಂಬಿದ ಕಾಳು ತಿಂದು ನಿಂತ ಕುದುರೆಯನ್ನು ಮತ್ತೆ ದುಡಿಮೆಗೆ ಹಚ್ಚಿದಾಗ ಅದರ ಹಿಂಭಾಗದ ಮಾಂಸಖಂಡಗಳು ಸೆಟೆದು, ಮೂತ್ರ ಕಪ್ಪಾಗಿ ಬರುವುದುಂಟು. ಇದು ಗೊರಸಿನ ರೋಗವಲ್ಲ. ಇದರಲ್ಲಿಯೂ ನಡೆಸುವುದು ಅಪಾಯ, ವೈದ್ಯರು ಬೇಕು.

ಪರೀಕ್ಷೆ ಮಾಡುವ ಕ್ರಮ

ಮನೆಯವರೇ ಮಾಡಬಹುದಾದ ಪರೀಕ್ಷೆಗಳು ಕೆಲವಿವೆ. ನಾಲ್ಕೂ ಗೊರಸುಗಳನ್ನು ಅಂಗೈಯಿಂದ ಮುಟ್ಟಿ ಯಾವುದು ಬಿಸಿಯೆಂದು ಹೋಲಿಸಿ ನೋಡಬೇಕು. ಗೊರಸಿನ ಮೇಲಿನ ಗಿಣ್ಣಿನ ಹಿಂಬದಿಯಲ್ಲಿ, ಎರಡು ಪಕ್ಕಗಳಲ್ಲಿಯೂ ಬೆರಳಿಟ್ಟರೆ ನಾಡಿ ಸಿಗುತ್ತದೆ. ಆರೋಗ್ಯವಂತ ಕುದುರೆಯಲ್ಲಿ ಅದು ಹುಡುಕಿದರೂ ಸಿಗದಷ್ಟು ಮಂದ. ಗೊರಸಿನೊಳಗೆ ಉರಿಯೂತವಿದ್ದರೆ ಬೆರಳಿಗೆ ಬಡಿಯುವಷ್ಟು ಬಲವಾಗಿರುತ್ತದೆ. ಕುದುರೆ ಚೆನ್ನಾಗಿರುವಾಗಲೇ ಈ ನಾಡಿಯನ್ನು ಹಿಡಿದು ಅಭ್ಯಾಸ ಮಾಡಿಕೊಂಡವನಿಗೆ ಮಾತ್ರ ರೋಗದ ದಿನ ವ್ಯತ್ಯಾಸ ತಿಳಿದೀತು. ವಿಶ್ರಾಂತಿಯಲ್ಲಿರುವ ಕುದುರೆಯ ಹೃದಯದ ಬಡಿತ ನಿಮಿಷಕ್ಕೆ ೨೮ ರಿಂದ ೪೪. ಮೈಯ ಉಷ್ಣತೆ ಸುಮಾರು ೩೭.೫ ರಿಂದ ೩೮.೫ ಡಿಗ್ರಿ ಸೆಲ್ಸಿಯಸ್. ಗೊರಸಿನ ತಳದ ಕೊಳೆ ತೆಗೆದು ಬಿರುಕು, ಮೊಳೆ, ದುರ್ಗಂಧಗಳನ್ನು ನೋಡಬೇಕು. ಗೋಡೆಯ ಮೇಲೆ ಮುಂದೆ ಒತ್ತಾಗಿ ಹಿಂದೆ ಅಗಲವಾಗಿ ಸಾಗುವ ಉಂಗುರಗಳು ಕಂಡರೆ, ಕಳೆದ ವರ್ಷವೇ ಈ ರೋಗ ಒಮ್ಮೆ ಸದ್ದಿಲ್ಲದೆ ಬಂದುಹೋಗಿರಬಹುದೆಂದು ತಿಳಿಯಬೇಕು.

ಮೊದಲ ದಿನದ ಕರ್ತವ್ಯಗಳು

ಲ್ಯಾಮಿನೈಟಿಸಿನ ಸಂಶಯ ಬಂದೊಡನೆ ಕುದುರೆಯನ್ನು ನಡೆಸುವುದನ್ನು ಸಂಪೂರ್ಣವಾಗಿ ನಿಲ್ಲಿಸಬೇಕು. ನಡೆಸಿದರೆ ರಕ್ತ ಹರಿದು ಸರಿಹೋಗುತ್ತದೆಂಬ ಹಳೆಯ ನಂಬಿಕೆ ಇಲ್ಲಿ ಘಾತಕ. ಸಡಿಲವಾದ ಹೆಣಿಗೆ ಪ್ರತಿ ಹೆಜ್ಜೆಗೂ ಹರಿಯುತ್ತದೆ. ಗೇಣುದ್ದ ಮರಳನ್ನೋ, ಹುಲ್ಲಿನ ಹಾಸನ್ನೋ ಹಾಕಿ ಅದರ ಮೇಲೆ ನಿಲ್ಲಿಸಬೇಕು. ಕಾಳು, ಹಿಂಡಿ, ಬೆಲ್ಲ, ಹಸಿಮೇವುಗಳನ್ನು ನಿಲ್ಲಿಸಿ ಒಣಹುಲ್ಲನ್ನು ನೀರಿನಲ್ಲಿ ನೆನೆಸಿ, ಸಿಹಿಯಿಳಿದ ಆ ನೀರನ್ನು ಚೆಲ್ಲಿ ಕೊಡಬೇಕು. ಕುಡಿಯುವ ನೀರು ಸದಾ ಎದುರಿಗಿರಬೇಕು.

ಇಂದು ದೃಢಪಟ್ಟಿರುವ ಒಂದು ಉಪಾಯವೆಂದರೆ ಗೊರಸುಗಳನ್ನು ಮಂಜುಗಡ್ಡೆಯ ನೀರಿನಲ್ಲಿ ನಿಲ್ಲಿಸುವುದು. ಗೊರಸಷ್ಟೇ ಅಲ್ಲ, ಅದರ ಮೇಲಿನ ಕಾಲಿನ ಭಾಗವೂ ಮುಳುಗುವಂತಿರಬೇಕು. ಎಡೆಬಿಡದೆ ಒಂದೆರಡು ದಿನ ನಡೆಯಬೇಕು. ಕಾಳು ತಿಂದದ್ದು ಕಣ್ಣಿಗೆ ಬಿದ್ದು ಕುದುರೆ ಇನ್ನೂ ಕುಂಟತೊಡಗದಿರುವಾಗಲೇ ಇದನ್ನು ಆರಂಭಿಸಿದರೆ ಫಲ ಅತಿ ಹೆಚ್ಚು. ಕಾಳು ತಿಂದುದಕ್ಕೂ ಕುಂಟುವುದಕ್ಕೂ ನಡುವಿನ ಆ ಒಂದೆರಡು ದಿನವೇ ದೇವರು ಕೊಟ್ಟ ಅವಧಿ. ಕುದುರೆ ಕಣಕ್ಕೆ ನುಗ್ಗಿತೆಂದು ತಿಳಿದ ಕೂಡಲೇ ವೈದ್ಯರಿಗೆ ಹೇಳುವವನು ಕುದುರೆಯನ್ನು ಉಳಿಸಿಕೊಳ್ಳುತ್ತಾನೆ. ಕುಂಟಲಿ, ನೋಡೋಣ ಎನ್ನುವವನು ಉಳಿಸಿಕೊಳ್ಳುವುದು ಕಷ್ಟ.

ಮಾಡಬಾರದವುಗಳೂ ಇವೆ. ಬರೆ ಹಾಕಿಸುವುದು, ರಕ್ತ ತೆಗೆಸುವುದು, ತಳವನ್ನು ರಕ್ತ ಕಾಣುವವರೆಗೆ ಕೆತ್ತಿಸುವುದು ಇವು ನೋವಿನ ಮೇಲೆ ನೋವು. ಔಷಧಿ ಅಂಗಡಿಯಲ್ಲಿ ಮನುಷ್ಯರ ನೋವಿನ ಗುಳಿಗೆ ತಂದು ಹಾಕುವುದೂ ಸರಿಯಲ್ಲ. ಡೈಕ್ಲೋಫಿನಾಕ್ ಎಂಬ ಔಷಧವನ್ನು ಹದ್ದುಗಳ ಸಾವಿಗೆ ಕಾರಣವಾದುದರಿಂದ ೨೦೦೬ರಲ್ಲಿಯೇ ಪಶುಗಳ ಬಳಕೆಗೆ ನಿಷೇಧಿಸಲಾಗಿದೆ. ಯಾವ ಔಷಧ, ಎಷ್ಟು ಪ್ರಮಾಣ ಎಂಬುದನ್ನು ವೈದ್ಯರೇ ನಿರ್ಣಯಿಸಬೇಕು. ೧೯೬೨ ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಸರಕಾರದ ಸಂಚಾರಿ ಪಶುಚಿಕಿತ್ಸಾ ವಾಹನವನ್ನು ಕೇಳಬಹುದು.

ಗೊರಸು ತಿಂಗಳಿಗೆ ಬೆಳೆಯುವುದು ಒಂದು ಸೆಂಟಿಮೀಟರಿನೊಳಗೆ. ಮುಂಭಾಗದ ಗೋಡೆ ಮೇಲಿನಿಂದ ಕೆಳಗಿನವರೆಗೆ ಹೊಸತಾಗಲು ಒಂಬತ್ತು ತಿಂಗಳಿನಿಂದ ಒಂದು ವರ್ಷ ಬೇಕು. ಆದುದರಿಂದ ನೋವು ಕಡಿಮೆಯಾದ ಮಾತ್ರಕ್ಕೆ ರೋಗ ಹೋಯಿತೆಂದು ಲಗ್ನದ ಮೆರವಣಿಗೆಗೆ ಹೊರಡಿಸಬಾರದು. ಆರರಿಂದ ಎಂಟು ವಾರಗಳಿಗೊಮ್ಮೆ ಬಲ್ಲವರಿಂದ ಗೊರಸನ್ನು ತಿದ್ದಿಸುತ್ತ ತಾಳ್ಮೆಯಿಂದ ಕಾಯಬೇಕು. ಮುಂಜಾಗರೂಕತೆಯೂ ಕಠಿಣವಲ್ಲ. ಸುಗ್ಗಿಯಲ್ಲಿ ರಾಶಿಯಿರುವ ಕಣದ ಹತ್ತಿರ ಕುದುರೆಯನ್ನು ಸಡಿಲ ಬಿಡಬಾರದು. ಮೇವನ್ನು ಬದಲಿಸುವುದಾದರೆ ಏಳೆಂಟು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಿಸಬೇಕು. ಕೆಲಸವಿಲ್ಲದ ದಿನಗಳಲ್ಲಿ ಕಾಳನ್ನು ಇಳಿಸಿ, ನಡಿಗೆಯನ್ನು ಮಾತ್ರ ತಪ್ಪಿಸಬಾರದು. ಮಳೆಗಾಲದಲ್ಲಿ ದಿನಕ್ಕೆ ಕೆಲವು ಗಂಟೆಯಾದರೂ ಒಣನೆಲದಲ್ಲಿ ನಿಲ್ಲಿಸಬೇಕು.

ಜ್ಞಾನ ಯಾವ ಭಾಷೆಯಲ್ಲಿರಬೇಕು?

ಹದಿಮೂರನೆಯ ಶತಮಾನದಲ್ಲಿ ದಕ್ಷಿಣ ಭಾರತವನ್ನು ಕಂಡ ಮಾರ್ಕೊ ಪೋಲೊ ಒಂದು ವಿಚಿತ್ರವನ್ನು ದಾಖಲಿಸಿದ್ದಾನೆ. ತಮಿಳು ಕರಾವಳಿಯ ರಾಜರು ವರ್ಷವರ್ಷವೂ ಅಪಾರ ಹಣ ಕೊಟ್ಟು ಸಾವಿರಾರು ಕುದುರೆಗಳನ್ನು ಕೊಳ್ಳುತ್ತಿದ್ದರು. ಆರೈಕೆ ತಿಳಿಯದೆ ಅವುಗಳಲ್ಲಿ ಹೆಚ್ಚಿನವು ಸಾಯುತ್ತಿದ್ದವು. ಕುದುರೆ ಮಾರುವ ವರ್ತಕರು ಮಾತ್ರ ಅಶ್ವವೈದ್ಯ ಬಲ್ಲವರನ್ನು ತಾವೂ ಕರೆತರುತ್ತಿರಲಿಲ್ಲ, ಬೇರೆಯವರನ್ನೂ ಬರಗೊಡುತ್ತಿರಲಿಲ್ಲ. ಕುದುರೆ ಸತ್ತರೆ ಅವರಿಗೆ ವ್ಯಾಪಾರ. ಜ್ಞಾನವನ್ನು ತಡೆದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಇಂದು ಜ್ಞಾನವನ್ನು ಯಾರೂ ತಡೆದಿಲ್ಲ. ಉದಗೀರದಲ್ಲಿ ೧೯೮೭ರಿಂದ ಪಶುವೈದ್ಯ ಮಹಾವಿದ್ಯಾಲಯವಿದೆ. ಗಡಿಯ ಆಚೆ ಬೀದರಿನಲ್ಲಿ ಕರ್ನಾಟಕದ ಪಶುವೈದ್ಯ ವಿಶ್ವವಿದ್ಯಾಲಯವೇ ಇದೆ. ಹರಿಯಾಣದ ಹಿಸಾರಿನಲ್ಲಿ ಕುದುರೆಗಳಿಗೆಂದೇ ರಾಷ್ಟ್ರೀಯ ಸಂಶೋಧನ ಕೇಂದ್ರವಿದೆ. ಆದರೂ ಕುದುರೆ ಹಿಡಿದು ನಡೆಯುವವನ ಕೈಗೆ, ಅವನು ಓದಬಲ್ಲ ಭಾಷೆಯಲ್ಲಿ, ಒಂದು ಪುಟವಾದರೂ ತಲುಪಿದೆಯೇ ಎಂಬುದು ಪ್ರಶ್ನೆ. ನಮ್ಮ ಗಡಿಯ ಮಕ್ಕಳು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಸಂತೆಯಲ್ಲಿ ಉರ್ದು ಆಡುತ್ತಾರೆ. ಮೂರೂ ನಮ್ಮವೇ. ಆದರೆ ಕನ್ನಡವನ್ನು ಓದಲು ಕಲಿತ ಮಗುವಿಗೆ ಆ ಕನ್ನಡ ಕಥೆ ಕವಿತೆಗಳಿಗಷ್ಟೇ ಅಲ್ಲ, ಅಪ್ಪನ ಕುದುರೆಯ ಕಾಲುನೋವಿಗೂ ಉಪಯೋಗವಾಗಬೇಕು. ಒಂಬೈನೂರು ವರ್ಷಗಳ ಹಿಂದೆ ಕಲ್ಯಾಣದ ರಾಜವಂಶದವನೊಬ್ಬನು ಗೋವಿನ ರೋಗಗಳನ್ನು ಕನ್ನಡದಲ್ಲಿ ಬರೆಯಬಹುದೆಂದು ತೋರಿಸಿದ್ದಾನೆ. ಆ ಕಲ್ಯಾಣದಿಂದ ಅರ್ಧ ದಿನದ ದಾರಿಯಲ್ಲಿರುವ ನಾವು ಕುದುರೆಯ ಗೊರಸಿನ ಬಗ್ಗೆ ಬರೆಯಲು ಸಂಕೋಚಪಡಬೇಕಾಗಿಲ್ಲ.

ಈ ಶಾಲೆಯಲ್ಲಿ ಕಲಿತು ಪಶುವೈದ್ಯರಾದವರು, ಆಗಲಿರುವವರು ಇಂತಹ ಹತ್ತಾರು ಪುಟಗಳನ್ನು ನನಗಿಂತ ಚೆನ್ನಾಗಿ ಬರೆಯಬಲ್ಲರು. ಬರೆಯಲಿ ಎಂದು ಹಾರೈಸುತ್ತೇನೆ. ಅಲ್ಲಿಯವರೆಗೆ ವಾಚಕರು ಎರಡು ಪ್ರಶ್ನೆಗಳನ್ನಷ್ಟೇ ನೆನಪಿನಲ್ಲಿಟ್ಟುಕೊಂಡರೆ ಸಾಕು: ನೋಯುತ್ತಿರುವುದು ಒಂದು ಕಾಲೋ ಎರಡು ಕಾಲೋ, ಮತ್ತು ಕುದುರೆ ಮೊನ್ನೆ ಏನು ತಿಂದಿತು. ಉತ್ತರ ಏನೇ ಇರಲಿ, ಕುದುರೆಯನ್ನು ನಡೆಸದೆ ವೈದ್ಯರನ್ನು ಅದರ ಬಳಿಗೆ ಕರೆತನ್ನಿರಿ.